ಟಗರಿನ ಕೊರಳ ಮಿಸ್ಡ್ ಕಾಲ್

ನಾನು ಯಾರ ಧ್ವನಿಯನ್ನಾದರೂ ಮಾಡಬಲ್ಲೆ. ಇದು ಜಂಬವಲ್ಲ, ಕಾಯಿಲೆ. ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋಗುವಷ್ಟರಲ್ಲಿ ಅವರ ಧ್ವನಿ ನನ್ನ ಗಂಟಲಲ್ಲಿ ಬಂದು ಕೂತಿರುತ್ತದೆ. ಆಫೀಸಿನಲ್ಲಿ ನಮ್ಮ ಸಾರ್ ಊಟಕ್ಕೆ ಹೋದಾಗ ಬರುವ ಫೋನಿಗೆ ನಾನೇ ಸಾರ್ ಆಗಿ ಉತ್ತರ ಕೊಡುತ್ತಿದ್ದೆ. ಒಂದು ದಿನ ಆ ಕಡೆ ಇದ್ದವರು ಸಾರ್ ಅವರ ಮನೆಯವರೇ. ಸಂಜೆ ಬರುವಾಗ ಕೊತ್ತಂಬರಿ ತರ್ತೀನಿ ಅಂತ ಒಪ್ಪಿಕೊಂಡುಬಿಟ್ಟೆ. ಸಾರ್ ಬರಿಗೈಯಲ್ಲಿ ಮನೆಗೆ ಹೋದರು. ಮಾರನೆಯ ದಿನ ಬಂದವರು ನನ್ನನ್ನು ಬಹಳ ಹೊತ್ತು ನೋಡಿ, ಫೋನನ್ನು ತಮ್ಮ ಕಡೆಗೆ ಎಳೆದುಕೊಂಡರು. ಇನ್ನು ನನ್ನ ಸ್ವಂತ ಧ್ವನಿ ಹೇಗಿದೆ ಅಂತ ಕೇಳಬೇಡಿ. ರೆಕಾರ್ಡ್ ಮಾಡಿ ಕೇಳಿದ್ದೇನೆ. ಟೊಮ್ಯಾಟೊ ಮಾರುವ ಗಾಡಿಯ ಮೈಕಿಗೆ ನೆಗಡಿ ಆದಂತಿದೆ.

ಆಫೀಸು ಅಂದೆನಲ್ಲ, ಅದು ದಾವಣಗೆರೆ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಒಂದು ಹಲ್ಲಿನ ಕ್ಲಿನಿಕ್ಕಿನ ಮೇಲಿನ ಮಹಡಿ. ಕೆಳಗೆ ಅವರು ಹಲ್ಲು ಕೊರೆಯುತ್ತಾರೆ, ಮೇಲೆ ನಾವು ಡಬ್ಬಿ ಕೊರೆಯುತ್ತೇವೆ. ಮೊಬೈಲ್ ಟವರ್ ಮುಟ್ಟದ ಕಡೆ ಇರುವ ಯಂತ್ರಗಳಿಂದ ಸುದ್ದಿ ತರಿಸುವುದು ನಮ್ಮ ಕಸುಬು. ಗುಡ್ಡದ ಹಿಂದಿನ ಕೆರೆಯಲ್ಲಿ ನೀರು ಎಷ್ಟಿದೆ, ಕಾಲುವೆಯ ಕೊನೆಯ ತೂಬು ತೆರೆದಿದೆಯೋ ಮುಚ್ಚಿದೆಯೋ, ಇಂಥದ್ದು. ಡಬ್ಬಿ ಆಕಾಶಕ್ಕೆ ಹೇಳುತ್ತದೆ, ಆಕಾಶದಲ್ಲಿ ಹೋಗುವ ಉಪಗ್ರಹ ಕೇಳಿಸಿಕೊಳ್ಳುತ್ತದೆ, ಅದು ಇನ್ನೆಲ್ಲೋ ಕೆಳಗೆ ಇಳಿಸಿ ನಮ್ಮ ಫೋನಿಗೆ ಮುಟ್ಟಿಸುತ್ತದೆ.

ಉಪಗ್ರಹ ಅಂದರೆ ನಾನು ಲಾರಿಯಷ್ಟು ದೊಡ್ಡದು ಅಂದುಕೊಂಡಿದ್ದೆ. ಇವು ಬೇಕರಿಯ ಪೌಂಡ್ ಬ್ರೆಡ್ಡಿನ ಗಾತ್ರ. ಅಂಥ ಒಂದಷ್ಟು ಬ್ರೆಡ್ಡುಗಳು ಭೂಮಿಯನ್ನು ಸುತ್ತುತ್ತಲೇ ಇರುತ್ತವೆ. ಯಾವುದೂ ನಮ್ಮ ತಲೆಯ ಮೇಲೆ ನಿಲ್ಲುವುದಿಲ್ಲ. ಹಳ್ಳಿಗೆ ಡೇರಿ ವ್ಯಾನ್ ಬಂದ ಹಾಗೆ. ವ್ಯಾನ್ ಬಂದ ಹೊತ್ತಿಗೆ ಕ್ಯಾನ್ ಹಿಡಿದು ರಸ್ತೆಯಲ್ಲಿ ನಿಂತಿದ್ದರೆ ಹಾಲು ಹೋಗುತ್ತದೆ, ಒಳಗೆ ಕೂತಿದ್ದರೆ ವ್ಯಾನ್ ಹೋಗುತ್ತದೆ. ಹೇಳುವುದನ್ನೂ ಚುಟುಕಾಗಿ ಹೇಳಬೇಕು. ಅದಕ್ಕೆ ನಾನು ಗಿರಾಕಿಗಳಿಗೆ ಇದನ್ನು ಮಿಸ್ಡ್ ಕಾಲ್ ಅಂತಲೇ ವಿವರಿಸುವುದು. ಊರು ಮುಟ್ಟಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡು ಅಂತ ಮನೆಯಲ್ಲಿ ಹೇಳುತ್ತಿದ್ದರಲ್ಲ? ಯಾರೂ ಎತ್ತುವುದಿಲ್ಲ, ಯಾರೂ ಮಾತಾಡುವುದಿಲ್ಲ, ಆದರೆ ಮನೆಯವರು ನೆಮ್ಮದಿಯಾಗಿ ಊಟಕ್ಕೆ ಕೂರುತ್ತಾರೆ. ಸಾರ್‌ಗೆ ಈ ಹೋಲಿಕೆ ಹಿಡಿಸದು. ಇಷ್ಟು ದೊಡ್ಡ ಟೆಕ್ನಾಲಜಿಯನ್ನು ಮಿಸ್ಡ್ ಕಾಲ್ ಮಾಡಿಬಿಟ್ಟಿಯಲ್ಲಪ್ಪ ಅಂತ ಬೇಸರ ಮಾಡಿಕೊಳ್ಳುತ್ತಾರೆ. ಆ ಬೇಸರವನ್ನೂ ನಾನು ಚೆನ್ನಾಗಿ ಮಾಡುತ್ತೇನೆ.

ನಾನು ಇರುವುದು ಹರಿಹರದಲ್ಲಿ, ಸೋದರಮಾವನ ಮನೆಯಲ್ಲಿ. ಡಿಪ್ಲೊಮಾ ಓದಲು ಬಂದವನು ಅಲ್ಲೇ ಉಳಿದೆ. ಓದು ಮುಗಿಯಿತು, ಅತ್ತೆಯ ಕೈ ಅಡುಗೆ ಮುಗಿಯಲಿಲ್ಲ. ಮಾವ ಕುರಿಗಾರ. ದೀಪಾವಳಿ ಕಳೆದು ಭತ್ತದ ಕೊಯ್ಲು ಶುರುವಾದರೆ ಹಿಂಡು ಹೊಡೆದುಕೊಂಡು ಹೊನ್ನಾಳಿ, ನ್ಯಾಮತಿ ದಾಟಿ ಶಿಕಾರಿಪುರದ ಕಡೆಯ ಗುಡ್ಡಗಳ ಬುಡಕ್ಕೆ ಹೋಗುತ್ತಾನೆ. ಕೊಯ್ದ ಗದ್ದೆಯಲ್ಲಿ ರಾತ್ರಿ ಹಿಂಡು ತರುಬಿ ನಿಲ್ಲಿಸುತ್ತಾರೆ. ಗದ್ದೆಯವರಿಗೆ ಗೊಬ್ಬರ, ಇವರಿಗೆ ಕಾಳು, ಕುರಿಗೆ ಮೇವು. ಮಳೆಗಾಲ ಹತ್ತಿರ ಬಂದಾಗ ವಾಪಸ್. ಮಾವನ ಹತ್ತಿರ ಒಂದು ಸಣ್ಣ ಫೋನ್ ಇದೆ. ಬ್ಯಾಟರಿ ಉಳಿಸಲು ಅದನ್ನು ಆಫ್ ಮಾಡಿ ಇಡುತ್ತಾನೆ. ಎಷ್ಟು ಚೆನ್ನಾಗಿ ಉಳಿಸುತ್ತಾನೆ ಅಂದರೆ, ವರ್ಷದಿಂದ ಅದು ಖರ್ಚೇ ಆಗಿಲ್ಲ.

ಹೋದ ವರ್ಷ ಮಾವನಿಗೆ ಎದೆ ಕಟ್ಟಿತು. ಉಸಿರು ಎಳೆದರೆ ಒಳಗೆ ಯಾರೋ ಶಿಳ್ಳೆ ಹಾಕಿದಂತೆ ಸದ್ದು. ದಾವಣಗೆರೆಯ ಡಾಕ್ಟರು ಬಾಯಲ್ಲಿಟ್ಟು ಎಳೆದುಕೊಳ್ಳುವ ಪಂಪು ಕೊಟ್ಟು, ಥಂಡಿಯಲ್ಲಿ ಬಯಲಲ್ಲಿ ಮಲಗಬಾರದು ಅಂದರು. ಮಾವ ಬಹಳ ಭಕ್ತಿಯಿಂದ ತಲೆ ಆಡಿಸಿದ. ಈ ವರ್ಷ ದೀಪಾವಳಿಯ ಹಟ್ಟಿ ಪೂಜೆ ಮುಗಿದದ್ದೇ ಕಂಬಳಿ ಕೊಡವಿದ.

ಅತ್ತೆ ತಡೆಯಲಿಲ್ಲ. ನನ್ನನ್ನು ಅಡುಗೆಮನೆಗೆ ಕರೆದು, ನೀವೇನೋ ಟವರ್ ಇಲ್ಲದ ಕಡೆಯಿಂದ ಸುದ್ದಿ ತರಿಸ್ತೀರಂತಲ್ಲ ಅಂತ ಕೇಳಿದಳು. ಹೌದು ಅಂದೆ.

"ಕುರಿ ಬಿಡ್ರಿ ಅಂತ ನಾ ಅವರಿಗೆ ಹೇಳಲ್ಲ. ಕುರಿ ಬಿಟ್ರೆ ಮನ್ಯಾಗ ಕುಂತು ಇನ್ನೂ ಜಲ್ದಿ ಸಾಯ್ತಾರೆ. ಜೀವದಿಂದ ಅದಾರೋ ಇಲ್ಲೋ, ಅಷ್ಟು ಗೊತ್ತಾದ್ರೆ ಸಾಕು ನನಗೆ."

ಅದೇ ತಿಂಗಳು ಪರೀಕ್ಷೆಗೆಂದು ಬೆಂಗಳೂರಿನ ಕಂಪನಿಯೊಂದು ನಮ್ಮ ಆಫೀಸಿಗೆ ಕೆಲವು ಕೊರಳಪಟ್ಟಿ ಕಳಿಸಿತ್ತು. ದನಕರುಗಳಿಗೆ ಕಟ್ಟುವುದು. ಪಟ್ಟಿಯ ಮೇಲೆ ಸೋಪಿನ ಪೆಟ್ಟಿಗೆಯಷ್ಟು ಡಬ್ಬಿ, ಅದರ ನೆತ್ತಿಯಲ್ಲಿ ಮಿಣಕ್ ಅನ್ನುವ ಹಸಿರು ದೀಪ. ಸಾರ್ ಅವರನ್ನು ಕೇಳಿದೆ. ಅವರು ತಕ್ಷಣ ಒಂದು ತೆಗೆದು ಕೊಟ್ಟರು. ಕೊಡುವಾಗ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿದರು. ಕೊಡದಿದ್ದರೂ ಅಷ್ಟೇ ಹೇಳುತ್ತಿದ್ದರು.

ಮಾವನ ಕೊರಳಿಗೇ ಕಟ್ಟೋಣ ಅಂತ ಹೋದೆ. "ನನ್ನೂ ಕುರಿ ಮಾಡ್ತೀಯೇನಲೇ ಅಳಿಯಾ" ಅಂತ ಪಟ್ಟಿಯನ್ನು ಇಸಕೊಂಡು ಹಿಂಡಿನ ಮುಂದಾಳು ಟಗರಿಗೆ ಕಟ್ಟಿದ. ಸರಿ ಅನ್ನಿಸಿತು. ಟಗರು ಬಿಟ್ಟು ಮಾವ ಇರುವುದಿಲ್ಲ, ಮಾವನನ್ನು ಬಿಟ್ಟು ಟಗರು ಇರುವುದಿಲ್ಲ. ಇಬ್ಬರ ಮುಖದಲ್ಲೂ ಒಂದೇ ಬಗೆಯ ಸಿಟ್ಟು ಇದೆ. ನೀರು ಬಿದ್ದರೂ ಏನೂ ಆಗುವುದಿಲ್ಲ ಅಂತ ತೋರಿಸಲು ಕಟ್ಟುವ ಮೊದಲು ಡಬ್ಬಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿ ಹಿಡಿದು, ಸಾರ್ ಧ್ವನಿಯಲ್ಲಿ ಒಂದು ಸಣ್ಣ ಭಾಷಣವನ್ನೂ ಮಾಡಿದ್ದೆ. ಅತ್ತೆ ನಕ್ಕಳು. ಮಾವ ಮಾತ್ರ ಬಕೆಟ್ಟನ್ನೇ ನೋಡುತ್ತಿದ್ದ.

ಆಮೇಲೆ ನಮ್ಮ ಮನೆಯಲ್ಲಿ ಚುಕ್ಕಿಯ ಕಾಲ ಶುರುವಾಯಿತು. ದಿನಕ್ಕೆ ಕೆಲವು ಸಲ, ಬ್ರೆಡ್ಡು ತಲೆಯ ಮೇಲೆ ಹಾದುಹೋದಾಗ, ನನ್ನ ಫೋನಿನ ನಕ್ಷೆಯಲ್ಲಿ ಒಂದು ಹೊಸ ಚುಕ್ಕಿ ಬೀಳುತ್ತಿತ್ತು. ನಾನು ಆಫೀಸಿನಿಂದ ಬಂದು ಶೂ ಬಿಚ್ಚುವ ಮೊದಲೇ ಅತ್ತೆ ಫೋನ್ ಕೇಳುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅವಳೂ ಹಿಂಡಿನ ಜೊತೆ ಆ ದಾರಿಯಲ್ಲೇ ನಡೆದವಳು, ಅದಕ್ಕೆ ಚುಕ್ಕಿ ಅವಳಿಗೆ ಬರೀ ಚುಕ್ಕಿಯಾಗಿರಲಿಲ್ಲ. ಇಲ್ಲೊಂದು ಹಳ್ಳ ಐತೆ, ಇವತ್ತು ಕುರಿ ಮೈ ತೊಳ್ಸಿರ್ತಾರೆ ಅನ್ನುವಳು. ಇಲ್ಲಿ ಗದ್ದೆಯವರು ಒಳ್ಳೇರು, ಸಾರು ಕೊಟ್ಟಿರ್ತಾರೆ ಅನ್ನುವಳು. ಒಂದು ದಿನ ಚುಕ್ಕಿ ರಸ್ತೆ ಬಿಟ್ಟು ಬಹಳ ಒಳಗೆ ಹೋಗಿತ್ತು. ಯಾರ ಹತ್ರನೋ ಜಗಳ ಮಾಡ್ಕೊಂಡಾರೆ ಅಂತ ಅಲ್ಲೇ ತೀರ್ಮಾನ ಕೊಟ್ಟಳು. ಟಿವಿಯ ಹವಾಮಾನ ವರದಿಯವರ ಧ್ವನಿಯಲ್ಲಿ, "ನಾಳೆ ಮಾವನಲ್ಲಿ ಗುಡುಗು ಸಹಿತ ಮುನಿಸು ಸಾಧ್ಯತೆ" ಅಂದೆ. ಲಟ್ಟಣಿಗೆ ತೋರಿಸಿದಳು.

ಆಮೇಲೆ ಎಲ್ಲೋ ಸಮುದ್ರದಲ್ಲಿ ವಾಯುಭಾರ ಕುಸಿಯಿತು. ಎಲ್ಲಿ ಕುಸಿದರೂ ಅದು ಬಂದು ಬೀಳುವುದು ನಮ್ಮ ಒಣಹಾಕಿದ ಮೆಣಸಿನಕಾಯಿಯ ಮೇಲೆ. ಜಿಟಿಜಿಟಿ ಹಿಡಿದ ಮಳೆ ಬಿಡಲೇ ಇಲ್ಲ. ಜೊತೆಗೆ ಎಲುಬು ಕೊರೆಯುವ ಥಂಡಿ. ಮಳೆ ಹಿಡಿದ ಮರುದಿನ ಚುಕ್ಕಿ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮೋಡ ಅಡ್ಡ ಬಂದರೆ ಸುದ್ದಿ ನಿಲ್ಲುವುದಿಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಅತ್ತೆಗೆ ಮೋಡ ಅಂದೆ. ಆಫೀಸಿನಲ್ಲಿ ಸಾರ್ ಬೆಂಗಳೂರಿಗೆ ಫೋನ್ ಮಾಡಿದರು. ಉಳಿದ ಪಟ್ಟಿಗಳೆಲ್ಲ ಸರಿಯಾಗಿ ಸುದ್ದಿ ಕೊಡುತ್ತಿವೆಯಂತೆ, ನಮ್ಮದೊಂದೇ ಮೂಕ. ಬ್ಯಾಟರಿ ಹೋಗಿರಬಹುದು, ಪಟ್ಟಿ ಹರಿದು ನೀರಿಗೆ ಬಿದ್ದಿರಬಹುದು ಅಂತ ಸಾರ್ ಒಂದೊಂದೇ ಹೇಳುತ್ತ ಹೋದರು. ಮೂರನೆಯದನ್ನು ಹೇಳಲು ಹೊರಟು ನನ್ನ ಮುಖ ನೋಡಿ, ಮಂಡಕ್ಕಿ ತರ್ಸೋಣೇನೋ ಅಂದರು. ಮಾವನ ಫೋನಿಗೆ ಎಷ್ಟು ಸಲ ಮಾಡಿದರೂ ಅದೇ ಹೆಣ್ಣುಮಗಳು, ನೀವು ಕರೆ ಮಾಡಿದ ಚಂದಾದಾರರು. ಅವಳ ಧ್ವನಿಯನ್ನು ನಾನು ಎಷ್ಟು ಸಲ ಅಣಕಿಸಿಲ್ಲ. ಆವತ್ತು ಅವಳೇ ನನ್ನನ್ನು ಅಣಕಿಸಿದಂತಿತ್ತು.

ಆ ಸಂಜೆ ಅತ್ತೆ ರೊಟ್ಟಿ ತಟ್ಟುತ್ತಿದ್ದಳು. ಫೋನ್ ಕೇಳಲಿಲ್ಲ. ನಾನೂ ಕೊಡಲಿಲ್ಲ. ಹಿಟ್ಟಿನಿಂದ ಕಣ್ಣು ಎತ್ತದೆ ಹೇಳಿದಳು:

"ನಿಮ್ಮ ಮಾವನ ಹಂಗ ಒಂಚೂರು ಮಾತಾಡೋ."

ಮಾವನ ಧ್ವನಿ ನನ್ನ ಖಾತೆಯಲ್ಲಿ ಎಲ್ಲಕ್ಕಿಂತ ಹಳೆಯದು. ಗಂಟಲು ಕೆರೆದು, ಮಾತಿಗೆ ಮೊದಲು ಒಂದು ಹೂಂಕಾರ ಹಾಕಿ, "ಏನೇ, ಇವತ್ತು ಸಾರಿಗೆ ಉಪ್ಪು ರಜಾ ಹಾಕೈತೇನೆ" ಅಂದರೆ ಪಕ್ಕದ ಮನೆಯವರೂ ಮಾವ ಬಂದ ಅಂತ ಎದ್ದು ಬರುತ್ತಾರೆ. ಬಾಯಿ ತೆರೆದೆ. ಹೂಂಕಾರದವರೆಗೆ ಬಂದು ನಿಂತುಹೋಯಿತು. ಇರುವವರನ್ನು ಅಣಕಿಸಬಹುದು. ಇದ್ದಾರೋ ಇಲ್ಲವೋ ಗೊತ್ತಿಲ್ಲದಿರುವಾಗ ಆ ಧ್ವನಿ ಬಾಯಿಂದ ಹೊರಟರೆ ಅದು ಬೇರೆ ಏನೋ ಆಗಿಬಿಡುತ್ತದೆ ಅಂತ ಭಯವಾಯಿತು. ಗಂಟಲು ಕಟ್ಟೈತೆ ಅತ್ತೆ ಅಂದೆ.

ಅತ್ತೆ ರೊಟ್ಟಿಯನ್ನು ಹಂಚಿಗೆ ಹಾಕಿ, "ನಾಳೆ ಗಾಡಿ ತೆಗಿ, ಹೋಗಾಣ" ಅಂದಳು.

ಸಾರ್‌ಗೆ ರಜೆ ಕೇಳಿದರೆ ತಮ್ಮ ರೇನ್‌ಕೋಟ್ ಕಳಿಸಿಕೊಟ್ಟರು. ಅದನ್ನು ಅತ್ತೆಗೆ ತೊಡಿಸಿದೆ. ಸಾರ್ ಅಗಲದಲ್ಲಿ ಉದಾರರು. ಸೀರೆ, ಸ್ವೆಟರ್, ಬುತ್ತಿ ಗಂಟು, ಮಾವನ ಔಷಧಿ, ಎಲ್ಲ ಸೇರಿ ಅತ್ತೆ ಅದರೊಳಗೆ ಹಿಡಿಸಿದಳು. ಬೈಕಿನ ಹಿಂದಿನ ಸೀಟಿನಲ್ಲಿ ಯಾರೋ ಟೆಂಟ್ ಹಾಕಿದಂತಿತ್ತು. ಮಲೇಬೆನ್ನೂರು ದಾಟುವವರೆಗೂ ಆ ಟೆಂಟು ನನ್ನ ಬೆನ್ನಿಗೆ ಪಟಪಟ ಬಡಿಯುತ್ತಿತ್ತು. ಹೊನ್ನಾಳಿ ಹತ್ತಿರ ರಸ್ತೆಯ ಒಂದು ಹಂಪು ಎಗರಿಸಿದೆ. ಆಗ ಟೆಂಟಿನೊಳಗಿಂದ ಮಾತು ಬಂತು: "ಲೇ, ನಾ ಅವರನ್ನ ನೋಡಾಕ ಹೊಂಟೀನಿ, ನನ್ನ ನೋಡಾಕ ಅವರು ಬರೋ ಹಂಗ ಮಾಡಬ್ಯಾಡ." ನನಗೆ ಆ ಬೈಗುಳದಿಂದ ಎಷ್ಟು ಸಮಾಧಾನವಾಯಿತು ಅಂದರೆ, ಮುಂದಿನ ಹಂಪನ್ನೂ ಬೇಕಂತಲೇ ಎಗರಿಸಿದೆ.

ನ್ಯಾಮತಿ ದಾಟಿದ ಮೇಲೆ ರಸ್ತೆ ಬದಿಯ ಚಹಾ ಅಂಗಡಿಯಲ್ಲಿ ಕೊನೆಯ ಚುಕ್ಕಿ ತೋರಿಸಿ ದಾರಿ ಕೇಳಿದೆವು. ಅಂಗಡಿಯವರು ನಕ್ಷೆ ನೋಡಲಿಲ್ಲ, ಅತ್ತೆಯ ಮುಖ ನೋಡಿದರು. ಆ ಗುಡ್ಡದ ಹಿಂದೆ ಒಂದು ಹಿಂಡು ನಿಂತೈತಿ, ಮಳಿಗೆ ಮುಂದಕ್ಕೆ ಹೋಗಿಲ್ಲ, ಮಣ್ಣ ರಸ್ತಿ, ನಿಧಾನಕ್ಕೆ ಹೋಗ್ರಿ ಅಂದರು. ಇಲ್ಲಿಂದ ಮುಂದೆ ಫೋನ್ ಹತ್ತಲ್ಲ ಅಂತಲೂ ಹೇಳಿದರು.

ಗುಡ್ಡ ಬಳಸಿ ಹೋದಾಗ ಮೊದಲು ಕಂಡದ್ದು ಟಗರು. ಒದ್ದೆಯಾಗಿ, ಎಂದಿನ ಸಿಟ್ಟಿನಲ್ಲಿ ನಿಂತಿತ್ತು. ಕೊರಳು ಬರಿದು. ಅತ್ತೆ ಗಾಡಿ ನಿಲ್ಲುವ ಮೊದಲೇ ಇಳಿದಳು. ಗದ್ದೆಯ ಆ ಕಡೆ, ಗದ್ದೆಯವರ ಪಂಪ್‌ಹೌಸಿನ ಮುಂದೆ, ಮಾವನ ಜೊತೆ ಕುರಿ ಕಾಯುವ ಜೊತೆಗಾರರು ಬೆಂಕಿ ಊದುತ್ತಿದ್ದರು. ನಮ್ಮನ್ನು ನೋಡಿ ಎದ್ದು ನಿಂತು ಬಾಗಿಲ ಕಡೆ ಕೈ ತೋರಿಸಿದರು. ಆ ಕೈಯನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ಒಂದು ಮಾತು ಜೊತೆಗೆ ಸೇರಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತೋ.

ಒಳಗಿನಿಂದ ಹೂಂಕಾರ ಬಂತು.

"ಯಾಕೇ, ಮನ್ಯಾಗ ಏನಾತೇ?" ಅಂದ ಮಾವ. ಕಂಬಳಿ ಹೊದ್ದು, ಗೋಡೆಗೆ ಒರಗಿ ಕೂತಿದ್ದ. ನಮಗೇ ಏನೋ ಆಗಿದೆ ಅಂತ ಅವನ ಮುಖ ಬಿಳಿಚಿಕೊಂಡಿತ್ತು.

ಅತ್ತೆ ಹೊಸ್ತಿಲಲ್ಲೇ ಕೂತಳು. ಅಳಲಿಲ್ಲ. ರೇನ್‌ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು, ಅದೇ ಈಗ ಮುಖ್ಯ ಕೆಲಸ ಎನ್ನುವ ಹಾಗೆ. ನಾನು ಕೇಳಿದೆ, ಪಟ್ಟಿ ಎಲ್ಲಿ ಮಾವ?

ಮಾವ ಮೂಲೆಯಲ್ಲಿದ್ದ ಅಲ್ಯೂಮಿನಿಯಂ ಡಬರಿಯನ್ನು ಎಳೆದು, ಬಿಗಿಯಾಗಿ ಕೂತಿದ್ದ ಮುಚ್ಚಳವನ್ನು ಗುದ್ದಿ ತೆಗೆದ. ನಮ್ಮ ಕುರಿಗಾರರ ಪದ್ಧತಿ ಇದು: ಬಯಲಲ್ಲಿ ಮಳೆ ಹಿಡಿದರೆ ನೆನೆಯಬಾರದ್ದೆಲ್ಲ ಡಬರಿಗೆ. ಒಳಗೆ ಕಡ್ಡಿಪೆಟ್ಟಿಗೆ ಇತ್ತು, ಉಪ್ಪಿನ ಪೊಟ್ಟಣ ಇತ್ತು, ಎಲೆ ಅಡಿಕೆ ಚೀಲ, ಆಫ್ ಆದ ಫೋನು, ಎಲ್ಲಕ್ಕಿಂತ ಮೇಲೆ ಒಗೆದ ಪಂಚೆಯಲ್ಲಿ ಮಗುವಿನ ಹಾಗೆ ಸುತ್ತಿಟ್ಟ ನಮ್ಮ ಕೊರಳಪಟ್ಟಿ. ಹಸಿರು ದೀಪ ಮಿಣಕ್ ಮಿಣಕ್ ಅನ್ನುತ್ತಿತ್ತು. ಪಾಪ, ಅದು ಕೂಗುತ್ತಲೇ ಇತ್ತು. ಲೋಹದ ಡಬರಿ, ಮೇಲೆ ಲೋಹದ ಮುಚ್ಚಳ. ಬಾಯಿಗೆ ಬಟ್ಟೆ ತುರುಕಿ ಕೂಗು ಅಂದಂತೆ.

ಇದಕ್ಕೆ ನೀರು ಬಿದ್ರೆ ಏನೂ ಆಗಲ್ಲ, ಬಕೆಟ್ಟಿನಲ್ಲಿ ಮುಳುಗಿಸಿ ತೋರ್ಸಿದ್ನಲ್ಲ ಮಾವ ಅಂದೆ.

"ಅದನ್ನ ನೋಡೇ ನನಗೆ ಕರುಳು ಚುರುಕ್ ಅಂದಿದ್ದು. ಬೆಂಗಳೂರಿಂದ ಬಂದ ಸಾಮಾನು, ನೀ ನೋಡಿದ್ರೆ ಎಮ್ಮಿ ತೊಳದಂಗ ತೊಳದಿ. ಜೋಪಾನ ಮಾಡಾದು ಬ್ಯಾಡೇನು?" ಅಂದ. ಆಮೇಲೆ ಅತ್ತೆಯ ಕಡೆ ತಿರುಗಿ ಮೆಲ್ಲಗೆ ಹೇಳಿದ, "ದಿನಾ ಮುಚ್ಚಳ ತೆಗದು ನೋಡ್ತಿದ್ನೇ. ದೀಪ ಉರೀತಿತ್ತು. ಸುದ್ದಿ ಹೊಂಟೈತೆ, ನೀ ಉಂಡು ಮಲಗಿರ್ತಿ ಅನ್ಕೊಂಡೆ."

ಯಾರಿಗೆ ಬೈಯಬೇಕು ಹೇಳಿ. ಇಲ್ಲಿ ಮಾವ ಅದನ್ನು ಬೆಚ್ಚಗೆ ಇಟ್ಟು ನೆಮ್ಮದಿಯಾಗಿದ್ದ, ಅಲ್ಲಿ ಅತ್ತೆ ಊಟ ಬಿಟ್ಟಿದ್ದಳು. ಆಕಾಶದಲ್ಲಿ ಬ್ರೆಡ್ಡುಗಳು ಹೊತ್ತು ಹೊತ್ತಿಗೆ ಬಂದು, ಕ್ಯಾನ್ ಕಾಣದೆ ಹೋಗುತ್ತಿದ್ದವು.

ನಗು ಬಂತು ನನಗೆ. ನಗಲು ಹೊರಟವನು ಮಾವನ ಉಸಿರು ಕೇಳಿ ನಿಲ್ಲಿಸಿದೆ. ಶಿಳ್ಳೆ ಮತ್ತೆ ಬಂದಿತ್ತು. ಮಾತಿನ ನಡುವೆ ನಿಂತು ನಿಂತು ಗಾಳಿ ಎಳೆದುಕೊಳ್ಳುತ್ತಿದ್ದ. ಮಳೆ ಹಿಡಿದ ದಿನದಿಂದ ಹಿಂಗೇ ಅಂತ ಜೊತೆಗಾರರು ಹೇಳಿದರು. ಡಾಕ್ಟರು ಕೊಟ್ಟ ಬಾಯಿ ಪಂಪು ಮುಗಿದು ಯಾವ ಕಾಲವಾಯಿತೋ. ಗದ್ದೆಯವರು ಪುಣ್ಯವಂತರು, ಪಂಪ್‌ಹೌಸ್ ಬಿಟ್ಟುಕೊಟ್ಟು ಬಿಸಿನೀರು ಕಾಯಿಸಿ ಕೊಟ್ಟಿದ್ದರು. ಡಾಕ್ಟರ ಹತ್ತಿರ ಹೋಗು ಅಂದರೆ ಕುರಿ ಯಾರು ನೋಡ್ತಾರೆ ಅನ್ನುತ್ತಾನಂತೆ.

ಅತ್ತೆ ಹತ್ತಿರ ಹೋಗಿ, ತಂದಿದ್ದ ಔಷಧಿ ಕುಡಿಸಿ, ಮಾವನ ಬೆನ್ನ ಮೇಲೆ ಅಂಗೈ ಇಟ್ಟಳು. ಡಾಕ್ಟರು ಇಡುವ ಹಾಗಲ್ಲ, ಹಂಚು ಕಾದಿದೆಯೋ ಅಂತ ನೋಡುವ ಹಾಗೆ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಆಮೇಲೆ ತಾನು ಬಿಚ್ಚಿದ ರೇನ್‌ಕೋಟನ್ನು ಮಾವನ ಮೈಗೆ ಹಾಕಿ ಗುಂಡಿ ಹಾಕತೊಡಗಿದಳು.

"ಏಳ್ರಿ. ಗಾಡಿ ಹತ್ರಿ. ಇವನು ದಾವಣಗೇರಿಗೆ ಕರ್ಕೊಂಡು ಹೋಗ್ತಾನೆ."

"ಕುರಿ?"

"ನಾ ಅದೀನಿ."

ಮಾವ ವಾದ ಮಾಡಿದ. ನಿನಗೆ ಮೊಣಕಾಲು ನೋವು ಅಂದ, ಈ ಕಡೆ ನಡೆದು ಎಷ್ಟು ವರ್ಷ ಆತು ಅಂದ, ಟಗರು ನಿನ್ನ ಮಾತು ಕೇಳಲ್ಲ ಅಂದ. ಕೊನೆಯದಕ್ಕೆ ಅತ್ತೆ, ನಿಮ್ಮನ್ನ ಕೇಳ್ಸೀನಿ, ಅದ್ಯಾವ ಲೆಕ್ಕ ಅಂದಳು. ಜೊತೆಗಾರರು ಬೆಂಕಿಯ ಕಡೆ ಮುಖ ತಿರುಗಿಸಿ ನಕ್ಕರು. ಅಕ್ಕ ಹಿಂದೆ ಈ ದಾರ್ಯಾಗ ನಡೆದವಳೇ, ನಾ ಅದೀನಲ್ಲ, ನೀ ಹೋಗಣ್ಣ ಅಂತ ಅವರೂ ಹೇಳಿದರು. ಅಷ್ಟರಲ್ಲಿ ಅತ್ತೆ ಸೀರೆ ಮೇಲಕ್ಕೆ ಸಿಕ್ಕಿಸಿ, ಮಾವನ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡಾಗಿತ್ತು. ಡಬರಿಯಿಂದ ಪಟ್ಟಿ ತೆಗೆದುಕೊಂಡು ಹೋಗಿ ಟಗರಿನ ಮುಂದೆ ನಿಂತಳು. ಅದು ತಲೆ ತಗ್ಗಿಸಿ ಗುದ್ದಲು ಬಂದಂತೆ ಮಾಡಿತು. ಅತ್ತೆ ಅದರ ಕೊಂಬು ಹಿಡಿದು ಏನೋ ಬೈದು ಕಟ್ಟಿಯೇ ಬಿಟ್ಟಳು. ನನಗೆ ಮನೆಯ ಕೋಳಿಗಳಿಗೆ ಏನು ಹಾಕಬೇಕು, ಯಾವ ಹೊತ್ತಿಗೆ ಮುಚ್ಚಬೇಕು, ಅದರಲ್ಲಿ ಕಳ್ಳ ಕೋಳಿ ಯಾವುದು ಎಲ್ಲ ಹೇಳಿದಳು. ಆಮೇಲೆ ಮಾವನ ಕಡೆ ತಿರುಗಿದಳು. ರೇನ್‌ಕೋಟಿನ ಕೊರಳ ಗುಂಡಿ ಒಂದು ಬಿಟ್ಟುಹೋಗಿತ್ತು, ಅದನ್ನು ಬಂದು ಹಾಕಿ ಹೋದಳು.

ಮಣ್ಣ ರಸ್ತೆ ಮುಗಿಯುವವರೆಗೂ ಮಾವ ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ಕೂತಿದ್ದ. ಗಾಡಿ ಎಡಕ್ಕೆ ಎಳೆಯುತ್ತಿತ್ತು. ಸುಮ್ನೆ ಮುಂದೆ ನೋಡ್ಕೊಂಡು ಕೂಡು ಮಾವ, ಇಬ್ರೂ ಗದ್ದಿಗೆ ಬೀಳ್ತೀವಿ ಅಂದೆ. ನನ್ನ ಸ್ವಂತ ಧ್ವನಿಯಲ್ಲೇ ಅಂದೆ, ಬೇರೆ ಯಾವುದೂ ಆಗ ಸಿಗಲಿಲ್ಲ.

ಚಹಾ ಅಂಗಡಿಯ ಹತ್ತಿರ ಫೋನಿಗೆ ಜೀವ ಬಂತು. ಮಾವ ನನ್ನ ಹೆಗಲು ತಟ್ಟಿ ಗಾಡಿ ನಿಲ್ಲಿಸಿದ. ಚುಕ್ಕಿ ತೋರಿಸು ಅಂದ. ಇನ್ನೂ ಬಂದಿಲ್ಲ, ಉಪಗ್ರಹ ತಲೆಯ ಮೇಲೆ ಬರಬೇಕು, ಆಮೇಲೆ ಬರುತ್ತದೆ, ಡಾಕ್ಟರ ಹತ್ತಿರ ಕೂತೇ ನೋಡಬಹುದು ಅಂತ ವಿವರಿಸಿದೆ. ಮಾವ ಬೆಂಚಿನ ಮೇಲೆ ಕೂತ. ಸಾರ್ ಅವರ ರೇನ್‌ಕೋಟಿನಲ್ಲಿ ಮುದುಡಿ, ಶಿಳ್ಳೆ ಎಳೆಯುತ್ತ, ನನ್ನ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನಾವು ಕೇಳದೆಯೇ ಅಂಗಡಿಯವರು ಶುಂಠಿ ಹಾಕಿದ ಚಹಾ ತಂದಿಟ್ಟರು. ಮಳೆ ಸ್ವಲ್ಪ ಸಣ್ಣಗಾಗಿತ್ತು. ಚಹಾ ಆರಿತು. ಕೊನೆಗೆ ಫೋನ್ ಟಿಣ್ ಅಂತು.

ಮಾವ ಚುಕ್ಕಿಯನ್ನು ಕಣ್ಣಿನ ಹತ್ತಿರ ತಂದು ನೋಡಿದ, ದೂರ ಹಿಡಿದು ನೋಡಿದ.

"ಹಳ್ಳದ ಕಡೆ ಹೊಡಕೊಂಡು ಹೊಂಟಾಳಲ್ಲೋ ಇವಳು. ಆ ಕಡೆ ಬರೇ ಕೆಸರು. ಹೇಳಾದ್ರೊಳಗ ಗಾಡಿ ಹತ್ತಿಸಿಬಿಟ್ಲು."

ಸರಿ, ಬಂತಲ್ಲ, ಇನ್ನು ಏಳು ಅಂದೆ. ಮುಂದಿನದು ಯಾವಾಗ ಬರ್ತೈತೆ ಅಂತ ಕೇಳಿದ. ಅದಕ್ಕೆ ಇನ್ನೂ ಬಹಳ ಹೊತ್ತು ಐತೆ ಮಾವ, ಡಾಕ್ಟರು ಎದ್ದು ಹೋಗ್ತಾರೆ ಅಂದೆ.

ಮಾವ ಅಂಗಡಿಯವರ ಕಡೆ ತಿರುಗಿ ಇನ್ನೆರಡು ಚಹಾ ಅಂತ ಎರಡು ಬೆರಳು ತೋರಿಸಿದ. "ಡಾಕ್ಟರು ಎಲ್ಲಿ ಹೋಗ್ತಾರೆ, ಊರಾಗೇ ಇರ್ತಾರೆ. ಕೂಡು. ಅವಳು ಕೆಸರು ದಾಟ್ಲಿ."